ರೊಟ್ಟಿ ಮುರಿದ ಒಂಬತ್ತು ನಿಮಿಷ

ಬುರುಲ್ಚಾ ನಮ್ಮ ಕಣಿವೆಯಲ್ಲಿ ಹದಿನಾರು ವರ್ಷ ಹಾಲಿಗೆ ನೀರು ಬೆರೆಸುವವರನ್ನು ಹಿಡಿಯುವ ಕೆಲಸ ಮಾಡಿದವಳು. ಕೊಕ್-ಬುಲಾಕ್ ಊರಿನ ಹಾಲಿನ ಡೈರಿಯಲ್ಲಿ ಬಿಳಿ ಕೋಟು ತೊಟ್ಟು, ಕ್ಯಾನಿನೊಳಗೆ ಗಾಜಿನ ಕಡ್ಡಿ ಇಳಿಬಿಟ್ಟು, ಅದು ಎಷ್ಟು ಮುಳುಗಿತೆಂದು ಬಗ್ಗಿ ನೋಡುವಳು. ಬೈಯುತ್ತಿರಲಿಲ್ಲ, ಗೊಣಗುತ್ತಿರಲಿಲ್ಲ. ಕ್ಯಾನನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳೆಂದರೆ ಅವತ್ತಿನ ಮಟ್ಟಿಗೆ ಊರ ಮುಂದೆ ನಿಮ್ಮ ಮಾನ ಹೋಯಿತು ಎಂದೇ ಅರ್ಥ. ನಮ್ಮ ಮನೆಯ ಕ್ಯಾನನ್ನೂ ಒಮ್ಮೆ ಸರಿಸಿದ್ದಳು. ಹಾಲು ಹೊತ್ತುಕೊಂಡು ಹೋಗಿದ್ದವಳು ನನ್ನ ಹೆಂಡತಿ ಸೊನುನ್. ಆ ನೀರು ಹಾಕಿದ್ದು ಯಾರೆಂದು ನಮ್ಮ ಮನೆಯಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ. ನನಗೆ ಅವಳ ಮೇಲೆ ಅನುಮಾನ, ಅವಳಿಗೆ ನನ್ನ ಮೇಲೆ.

ಅನುಮಾನದ ವಿಷಯ ಬಂದದ್ದರಿಂದ ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ. ನನ್ನ ಹೆಸರು ಬೆಕ್ತೆನ್. ಜಿಲ್ಲಾ ಪಟ್ಟಣದ ತರಬೇತಿ ಶಾಲೆಯ ವ್ಯಾನು ಓಡಿಸುತ್ತಿದ್ದೆ. ಯಾರಾದರೂ ಸುಮ್ಮನೆ ನಕ್ಕರೂ ಏಕೆ ನಕ್ಕರು ಎಂದು ಯೋಚಿಸುವ ಸ್ವಭಾವ ನನ್ನದು. ಇದನ್ನು ನಾನು ಒಂದು ಗುಣವೆಂದೇ ಬಹಳ ಕಾಲ ನಂಬಿಕೊಂಡಿದ್ದೆ.

ಡೈರಿ ಮುಚ್ಚಿದ ವರ್ಷ ಬುರುಲ್ಚಾಳಿಗೆ ಮೂವತ್ತೊಂಬತ್ತು. ಗಂಡನನ್ನು ಬಿಟ್ಟು ಬಂದು ಅಣ್ಣನ ಮನೆಯಲ್ಲಿದ್ದಳು. ಆಗಲೇ ತರಬೇತಿ ಶಾಲೆಯಲ್ಲಿ ಪರಿಸರ ತಂತ್ರಜ್ಞರ ತರಗತಿ ಶುರುವಾಯಿತು. ಆರು ತಿಂಗಳ ಪಾಠ. ನೀರು, ಮಣ್ಣು, ಗಾಳಿಯ ಮಾದರಿ ತೆಗೆಯುವುದು, ಅಳೆಯುವುದು, ಬರೆದಿಡುವುದು. ಪಾಸಾದವರಲ್ಲಿ ಒಬ್ಬರಿಗೆ ನಮ್ಮ ಕಣಿವೆಯ ಕೆಲಸ. ವಯಸ್ಸು ನಲವತ್ತು ದಾಟಿರಬಾರದು. ಎಂದರೆ ಅವಳಿಗೆ ಇದೊಂದೇ ಸಲ, ಇನ್ನೊಂದು ಸಲ ಅನ್ನುವುದು ಇಲ್ಲ.

ನಮ್ಮೂರ ಮೇಲುಗಡೆ ಹಳೆಯ ಗಣಿಯ ಮಣ್ಣಿನ ದಿಬ್ಬವಿದೆ. ಸುತ್ತ ಹಾಕಿದ್ದ ತಂತಿ ಬೇಲಿಯನ್ನು ಜನ ಎಂದೋ ಕಿತ್ತು ಕೋಳಿಗೂಡಿಗೆ ಹಾಕಿಕೊಂಡರು. ದಿಬ್ಬದ ಮೇಲೆ ಹುಲ್ಲು ಚೆನ್ನಾಗಿ ಬೆಳೆಯುತ್ತದೆ, ಕುರಿಗಳು ಮೇಯುತ್ತವೆ. ಮೂವತ್ತು ವರ್ಷಗಳಿಂದ ಯಾರ್ಯಾರೋ ಕಾರಿನಲ್ಲಿ ಬಂದು ಪರೀಕ್ಷೆಗೆಂದು ನಮ್ಮೂರು ಕುಡಿಯುವ ಬುಗ್ಗೆಯ ನೀರನ್ನು ಬಾಟಲಿಗೆ ತುಂಬಿಕೊಂಡು ಹೋಗಿದ್ದಾರೆ. ಹೋದವರು ಒಬ್ಬರೂ ಏನಾಯಿತೆಂದು ತಿರುಗಿ ಬಂದು ಹೇಳಲಿಲ್ಲ. ಬುರುಲ್ಚಾ ಸೇರಲು ಕಾರಣ ಅದೇ. ಮೊದಲ ದಿನ ವ್ಯಾನಿನಲ್ಲಿ ನಾನು ಕೆದಕಿ ಕೇಳಿದೆ.

"ಏನಮ್ಮ, ಹಾಲು ಬಿಟ್ಟು ನೀರಿಗೆ ಇಳಿದೆಯಲ್ಲ? ಇನ್ನು ಯಾರ ಮಾನ ಕಳೀಬೇಕು ಅಂತ?"

"ಯಾರದ್ದೂ ಇಲ್ಲ ಬೈಕೆ," ಎಂದಳು. ನಮ್ಮಲ್ಲಿ ಅಣ್ಣನ ವಯಸ್ಸಿನವರನ್ನು ಹಾಗೆಯೇ ಕರೆಯುವುದು. "ನಮ್ಮ ಬುಗ್ಗೆ ನೀರು ಕುಡೀಬಹುದೋ ಬೇಡ್ವೋ ಅಂತ ಯಾರೂ ಹೇಳಲ್ಲ. ನಾನೇ ನೋಡ್ತೀನಿ, ನಾನೇ ಹೇಳ್ತೀನಿ."

ಇದರ ಹಿಂದೆ ಏನೋ ಇದೆ ಎಂದು ನನಗೆ ಆಗಲೇ ಅನ್ನಿಸಿತು. ಅಷ್ಟು ಸರಳವಾದ ಉತ್ತರವನ್ನು ನಾನು ಯಾವತ್ತೂ ನಂಬಿದವನಲ್ಲ.

ಪಾಠ ಹೇಳುತ್ತಿದ್ದವರು ಕ್ಲಾರಾ ಎಜೆ. ಅರವತ್ತು ದಾಟಿದ ಹೆಂಗಸು, ಪಟ್ಟಣದವರೆಲ್ಲ ಅಕ್ಕ ಎಂಬ ಅರ್ಥದಲ್ಲಿ ಎಜೆ ಎನ್ನುತ್ತಾರೆ. ಅನುಮಾನದಲ್ಲಿ ನನಗೆ ಗುರುವಾಗಬಲ್ಲವರು ಅವರೊಬ್ಬರೇ. ಚಳಿಗೆ ನಾನೂ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆನಾದ್ದರಿಂದ ಅರ್ಧ ಪಾಠ ನನಗೂ ಬಾಯಿಗೆ ಬಂದಿತ್ತು.

"ನೀರಿನ ಮೇಲೆ ಆಮೇಲೆ ಅನುಮಾನ ಪಡಿ. ಮೊದಲು ನಿಮ್ಮ ಕೈ ಮೇಲೆ ಪಡಿ," ಎನ್ನುವರು. "ಬೆಳಿಗ್ಗೆ ಏನು ತಿಂದ್ರಿ? ಉಪ್ಪು ಮುಟ್ಟಿದ್ರಾ? ಸಾಬೂನು? ಮಗೂನ ಎತ್ಕೊಂಡಿದ್ರಾ? ಅದೆಲ್ಲ ಬಾಟಲಿ ಒಳಗೆ ಹೋಗುತ್ತೆ. ಆಮೇಲೆ ಊರಿನ ನೀರು ಕೆಟ್ಟಿದೆ ಅಂತೀರಿ. ಕೆಟ್ಟಿರೋದು ನೀವು."

ಒಂದು ಸಲ ಎರಡು ಬಾಟಲಿ ಮೇಜಿನ ಮೇಲಿಟ್ಟು, ಒಂದು ದಿಬ್ಬದ ಮೇಲಿನ ನೀರು, ಇನ್ನೊಂದು ದಿಬ್ಬದ ಕೆಳಗಿನದು, ಅಳೆದು ಬರೆಯಿರಿ ಎಂದರು. ಎಂಟು ಜನ ಕಲಿಯುವವರಿದ್ದರು. ಏಳು ಜನ ಕೆಳಗಿನ ನೀರು ಕೆಟ್ಟಿದೆ ಎಂದು ಬರೆದರು. ಬುರುಲ್ಚಾ ಎರಡಕ್ಕೂ ಒಂದೇ ಅಂಕಿ ಬರೆದು, ಅಡಿಯಲ್ಲಿ 'ಇವೆರಡೂ ಒಂದೇ ನೀರು, ನಮ್ಮನ್ನು ಯಾರೋ ಪರೀಕ್ಷಿಸುತ್ತಿದ್ದಾರೆ' ಎಂದು ಸೇರಿಸಿದ್ದಳು. ಎರಡನ್ನೂ ಎಜೆ ತಮ್ಮ ಅಡುಗೆಮನೆಯ ನಲ್ಲಿಯಿಂದಲೇ ತುಂಬಿ ತಂದಿದ್ದರು. ಹಾಳೆ ಓದಿ ಮುಗಿಸಿ ಅವರು ಬುರುಲ್ಚಾಳ ಮುಖ ನೋಡಿದ ರೀತಿಯಲ್ಲಿ ಮೆಚ್ಚುಗೆಯಿತ್ತು. ಜೊತೆಗೆ ಇವಳಿಗೆ ಯಾರಾದರೂ ಮೊದಲೇ ಹೇಳಿಕೊಟ್ಟರೇ ಎಂಬ ಪ್ರಶ್ನೆಯೂ ಇತ್ತು.

ಊರಿನಲ್ಲಿ ಅವಳ ಬಗ್ಗೆ ಗುಸುಗುಸು ಆಗಲೇ ಎದ್ದಿತ್ತು. ಅಭ್ಯಾಸಕ್ಕೆಂದು ಬುಗ್ಗೆಯ ಹತ್ತಿರ ಹೋದರೆ ಕುರಿ ಸಾಕುವ ಶೆರಾಲಿ ಅಜ್ಜ ಕೋಲು ಊರಿಕೊಂಡು ಬಂದು ಎದುರಿಗೆ ನಿಂತ.

"ಯಾರು ಕಳಿಸಿದ್ದು ನಿನ್ನ?"

"ಯಾರೂ ಇಲ್ಲ ಅಜ್ಜ, ಕಲೀತಿದೀನಿ."

"ಕಲಿ, ಕಲಿ. ಇಲ್ಲಿ ವಿಷ ಇದೆ ಅಂತ ಬರೆದುಬಿಡು. ನಾಳೆ ಸಂತೆಯಲ್ಲಿ ಕೊಕ್-ಬುಲಾಕ್ ಕುರಿ ಅಂದ್ರೆ ನಾಯೀನೂ ಮೂಸಲ್ಲ. ನಿನ್ನಪ್ಪ ಇದೇ ನೀರು ಕುಡಿದು ಬೆಳೆದ, ಗೊತ್ತಾ?"

"ಗೊತ್ತು. ಐವತ್ತೆರಡಕ್ಕೆ ಸತ್ತ. ಅದೂ ಗೊತ್ತು."

ಅಜ್ಜ ಕೋಲು ಎತ್ತಿಕೊಂಡು ಹಿಂದಿರುಗಿದ. ಆದರೆ ಮರುದಿನ ಬೆಳಿಗ್ಗೆ ಬುಗ್ಗೆಯ ಬಾಯಿಗೆ ಯಾರೋ ಹಳೆಯ ಬಾಗಿಲು ಅಡ್ಡ ಇಟ್ಟು ಕಲ್ಲು ಹೇರಿದ್ದರು. ಬುರುಲ್ಚಾ ಒಬ್ಬಳೇ ಕಲ್ಲುಗಳನ್ನು ಒಂದೊಂದಾಗಿ ಇಳಿಸಿ, ಕೈಗವಸು ಬದಲಿಸಿ, ನೀರು ತುಂಬಿಕೊಂಡಳು. ನಾನು ವ್ಯಾನಿನಲ್ಲೇ ಕೂತು ನೋಡುತ್ತಿದ್ದೆ. ಇಳಿದು ಹೋಗಿ ಕೈ ಹಚ್ಚಬಹುದಿತ್ತು. ಊರಿನವರು ನೋಡಿದರೆ ಏನೆಂದುಕೊಳ್ಳುತ್ತಾರೋ ಎಂದು ಹೋಗಲಿಲ್ಲ.

ಅಕ್ಟೋಬರಿನ ಒಂದು ಸೋಮವಾರ ಅವಳ ಕೊನೆಯ ಪರೀಕ್ಷೆ. ಒಬ್ಬೊಬ್ಬರಿಗೆ ಒಂದೊಂದು ದಿನ, ಒಂದು ತಣ್ಣನೆಯ ಪೆಟ್ಟಿಗೆ, ಒಳಗೆ ಕಡುಕಂದು ಬಣ್ಣದ ಆರು ಬಾಟಲಿ, ತುಂಬಿದ್ದು ಹೊರಗೆ ಕಾಣುವುದಿಲ್ಲ. ಐದನ್ನು ಐದು ಜಾಗದಲ್ಲಿ ತುಂಬಬೇಕು, ಹೊರಡುವ ಮೊದಲೇ ಮೇಲೆ ಜಾಗದ ಹೆಸರಿನ ಚೀಟಿ ಅಂಟಿಸಿರಬೇಕು. ಆರನೆಯದರಲ್ಲಿ ಪ್ರಯೋಗಾಲಯದಲ್ಲೇ ತುಂಬಿದ ಅಪ್ಪಟ ಶುದ್ಧ ನೀರು. ಅದಕ್ಕೆ ಊರಿನ ಹೆಸರಿಲ್ಲ, ಒಂದು ಅಂಕಿ ಮಾತ್ರ. ಪ್ರತಿ ಜಾಗದಲ್ಲೂ ಒಂದು ನಿಮಿಷ ಅದರ ಮುಚ್ಚಳ ತೆಗೆದು ಮುಚ್ಚಬೇಕು. ಮಾದರಿ ತೆಗೆಯುವವರ ಕೈಯಿಂದ, ಗಾಳಿಯಿಂದ, ಗಾಡಿಯಿಂದ ಏನಾದರೂ ಬಿದ್ದಿದ್ದರೆ ಅದು ಹೇಳಿಬಿಡುತ್ತದೆ. ಕಲಿಯುವವರು ಅದನ್ನು ಸಾಕ್ಷಿ ಎನ್ನುತ್ತಿದ್ದರು. ಸಾಕ್ಷಿಯಲ್ಲಿ ಏನೇ ಸಿಕ್ಕರೂ ಇಡೀ ಪೆಟ್ಟಿಗೆ ರದ್ದು. ಇನ್ನೆರಡು ಕಟ್ಟುನಿಟ್ಟು ಇದ್ದವು: ಪೆಟ್ಟಿಗೆ ಒಂದು ಕ್ಷಣವೂ ಕಣ್ಣಿನಿಂದ ಮರೆಯಾಗಬಾರದು, ಗಾಡಿ ಐದು ಜಾಗ ಬಿಟ್ಟು ಬೇರೆಲ್ಲೂ ನಿಲ್ಲಬಾರದು.

ನಾಲ್ಕು ಜಾಗ ಮುಗಿಸಿ ಐದನೆಯದಕ್ಕೆ ಹೋಗುವ ದಾರಿ ನಮ್ಮ ಮನೆಯ ಗೇಟಿನ ಮುಂದೆಯೇ. ಸೊನುನ್ ಅಂಗಳದಲ್ಲಿ ನಿಂತಿದ್ದಳು, ತಂದೂರಿನಿಂದ ರೊಟ್ಟಿ ಆಗಷ್ಟೇ ತೆಗೆದ ವಾಸನೆ ರಸ್ತೆಗೆ ಬರುತ್ತಿತ್ತು. ಮನೆಯ ಮುಂದೆ ಬಂದವರು ರೊಟ್ಟಿಯ ಒಂದು ಚೂರನ್ನಾದರೂ ಮುರಿದು ಬಾಯಿಗೆ ಹಾಕಿಕೊಳ್ಳದೆ ಹೋಗುವುದು ನಮ್ಮಲ್ಲಿ ಇಲ್ಲ. ಆಸ್ಪತ್ರೆಗೆ ಓಡುವವನೂ ಒಂದು ಚೂರು ಮುರಿದೇ ಓಡುತ್ತಾನೆ. ನಾನು ಬ್ರೇಕು ಹಾಕಿದೆ.

"ಬೈಕೆ, ಬೇಡ. ಪೆಟ್ಟಿಗೆ ಇದೆ," ಎಂದಳು ಬುರುಲ್ಚಾ.

"ಪೆಟ್ಟಿಗೆ ಏನು ಎದ್ದು ಓಡಿಹೋಗುತ್ತಾ? ನನ್ನ ಹೆಂಡತಿ ಗೇಟಲ್ಲಿ ನಿಂತಿದಾಳೆ, ನೀನು ಮುಖ ತಿರುಗಿಸಿಕೊಂಡು ಹೋಗ್ತೀಯಾ? ಕ್ಯಾನ್ ಸರಿಸಿದ್ದು ಸಾಲದಾ? ಇಳಿ, ಒಂದು ಚೂರು ಮುರಿ, ಹೋಗೋಣ."

ಕ್ಯಾನಿನ ಮಾತು ಎತ್ತಿದ ಮೇಲೆ ಅವಳು ಇಳಿಯದೆ ಏನು ಮಾಡಿಯಾಳು? ಒಳಗೆ ಬಂದಳು, ರೊಟ್ಟಿ ಮುರಿದಳು, ಬೆಣ್ಣೆ ಬೇಡ ಎಂದಳು, ಚಹಾ ಬೇಡವೇ ಬೇಡ ಎಂದಳು. ಸೊನುನ್ ಚಹಾಕ್ಕೆ ಹಾಲು ತರಲು ಹೊರಗೆ ಹೋಗಿದ್ದಳು. ಅವಳು ಬರುವ ಮೊದಲೇ ಬುರುಲ್ಚಾ ಎದ್ದು ಹೊರಟುಬಿಟ್ಟಳು. ಆರು ಬಾಟಲಿಗಳೂ ಹೊತ್ತಿಗೆ ಸರಿಯಾಗಿ ಶಾಲೆಗೆ ಮುಟ್ಟಿದವು.

ಗುರುವಾರ ಪ್ರಯೋಗಾಲಯದಿಂದ ಫೋನು ಬಂತು. ಬುರುಲ್ಚಾಳ ಪೆಟ್ಟಿಗೆಯ ಸಾಕ್ಷಿ ಬಾಟಲಿಯಲ್ಲಿ ಏನೋ ಬೆರೆತಿದೆ, ಏನೆಂದು ತಿಳಿಯಲು ಇನ್ನೊಂದು ವಾರ ಬೇಕು.

ಕ್ಲಾರಾ ಎಜೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ಬಾಗಿಲು ಹಾಕಿಕೊಂಡು ಹೇಳಿಕೆ ಬರೆಸಿಕೊಂಡರು. ಒಬ್ಬರ ಹೇಳಿಕೆಯನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ, ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಂತಿಲ್ಲ ಎಂದೂ ತಾಕೀತು ಮಾಡಿದರು.

"ಐದು ಜಾಗ ಬಿಟ್ಟು ಬೇರೆಲ್ಲಾದ್ರೂ ಗಾಡಿ ನಿಲ್ಲಿಸಿದ್ರಾ ಬೆಕ್ತೆನ್?"

"ಎಲ್ಲೂ ಇಲ್ಲ," ಎಂದೆ.

"ನೆನಪು ಮಾಡಿಕೊಂಡು ಹೇಳಿ."

"ಇಪ್ಪತ್ತಾರು ವರ್ಷದಿಂದ ಗಾಡಿ ಓಡಿಸ್ತಿದೀನಿ ಎಜೆ. ನಿಲ್ಲಿಸಿದ್ದು ನೆನಪಿರಲ್ವಾ?"

ದೇವರಾಣೆಗೂ ಆ ಹೊತ್ತಿನಲ್ಲಿ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲಿಲ್ಲ. ರೊಟ್ಟಿ ಮುರಿಯಲು ಇಳಿದದ್ದನ್ನು ನಮ್ಮಲ್ಲಿ ಯಾರೂ ನಿಲ್ಲುವುದು ಎನ್ನುವುದಿಲ್ಲ. 'ನಿಂತಿರಾ?' ಎಂದು ಕೇಳಿದರೆ 'ಇಲ್ಲಪ್ಪ, ರೊಟ್ಟಿ ಮುರಿದು ಬಂದೆವು ಅಷ್ಟೆ' ಎನ್ನುತ್ತೇವೆ. ಹೀಗೆಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡೆ. ಆದರೆ ಎಜೆಯ ಕೋಣೆಯಿಂದ ಹೊರಗೆ ಬರುವಾಗ ಕಾಲು ಸ್ವಲ್ಪ ಬೇಗ ಬೇಗ ಬಿದ್ದದ್ದೂ ನಿಜ. ಎಲ್ಲೂ ನಿಲ್ಲಿಸಬಾರದೆಂಬ ಕಾಗದಕ್ಕೆ ಸಹಿ ಹಾಕಿದ್ದವನು ನಾನು. ನಿಲ್ಲಿಸಿದೆನೆಂದರೆ ವ್ಯಾನಿನ ಬೀಗದ ಕೈ ಮೇಜಿನ ಮೇಲಿಟ್ಟು ಮನೆಗೆ ನಡೆಯಬೇಕಿತ್ತು.

ಅಂದು ಸಂಜೆ ವ್ಯಾನಿನಲ್ಲಿ ಬುರುಲ್ಚಾ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ದಿನವೂ ಮುಂದಿನ ಸೀಟಿನಲ್ಲಿ ಕೂರುತ್ತಿದ್ದವಳು ಅವತ್ತು ಹಿಂದೆ ಹೋಗಿ ಕೂತಳು. ಇವಳೇ ಏನೋ ಮಾಡಿಕೊಂಡಿದ್ದಾಳೆ, ಅದಕ್ಕೇ ಮುಖ ತಪ್ಪಿಸುತ್ತಿದ್ದಾಳೆ ಎಂದು ನಾನು ಲೆಕ್ಕ ಹಾಕಿದೆ. ಬುಗ್ಗೆಯ ನೀರು ಕೆಟ್ಟಿದೆಯೆಂದು ತೋರಿಸಲು ತಾನೇ ಬಾಟಲಿಗೆ ಏನಾದರೂ ಹಾಕಿರಬಹುದು, ಕೈತಪ್ಪಿ ಸಾಕ್ಷಿಗೂ ಬಿದ್ದಿರಬಹುದು. ಊರಿನವರಿಗೂ ಇದೇ ರುಚಿಸಿತು. ಡೈರಿಯಲ್ಲಿ ನಮ್ಮನ್ನೆಲ್ಲ ಕಳ್ಳರು ಮಾಡಿದವಳು ಕೊನೆಗೆ ತಾನೇ ಸಿಕ್ಕಿಬಿದ್ದಳು ಎಂದು ಶೆರಾಲಿ ಅಜ್ಜ ಚಹಾ ಅಂಗಡಿಯಲ್ಲಿ ಕೂತು ಹೋದ ಬಂದವರಿಗೆಲ್ಲ ಹೇಳಿದ.

ನನಗೆ ಒಂದೇ ಅನುಮಾನ ಸಾಲುವುದಿಲ್ಲ. ಎರಡನೆಯದು ಕನಿಮೆತ್ ಎಂಬವನ ಮೇಲೆ ಬಿತ್ತು. ಅವನೂ ಬುರುಲ್ಚಾಳ ಜೊತೆ ಕಲಿಯುತ್ತಿದ್ದವನು, ನದಿಯಾಚೆಯ ಹಳ್ಳಿಯವನು. ಅವನ ಹಾಲಿನ ಕ್ಯಾನನ್ನು ಅವಳು ಮೂರು ಸಲ ಪಕ್ಕಕ್ಕೆ ಸರಿಸಿದ್ದಳು. ಆ ವಾರ ಪೆಟ್ಟಿಗೆಗಳನ್ನು ತಣ್ಣನೆಯ ಕೋಣೆಗೆ ಹೊತ್ತು ಇಡುವ ಪಾಳಿ ಅವನದೇ. ಅವಳು ಹೋದರೆ ಕಣಿವೆಯ ಕೆಲಸ ಅವನಿಗೆ. ಕೇಳುವುದಕ್ಕೇ ಎಷ್ಟು ಚೆನ್ನಾಗಿದೆ ನೋಡಿ! ಶನಿವಾರ ಕ್ಲಾರಾ ಎಜೆ ಗಾಡಿ ಹತ್ತುವಾಗ ನಾನು ಮೆಲ್ಲಗೆ ಹುಳ ಬಿಟ್ಟೆ.

"ಎಜೆ, ತಣ್ಣನೆ ಕೋಣೆ ಬೀಗ ಯಾರ ಹತ್ರ ಇತ್ತು ಅಂತ ಕೇಳಿದ್ರಾ?"

"ಯಾಕೆ?"

"ಸುಮ್ನೆ ಕೇಳಿದೆ. ಹಳೇ ಸಿಟ್ಟು ಇರೋರು ಇರ್ತಾರೆ."

ಎಜೆ ಬಾಗಿಲು ಎಳೆದುಕೊಂಡರು. ಆದರೆ ಸೋಮವಾರ ಕನಿಮೆತ್‌ನ ಕೈಯಿಂದ ಬೀಗದ ಕೈ ಹೋಯಿತು. ಉಳಿದವರು ಅವನ ಪಕ್ಕ ಕೂರುವುದನ್ನು ಬಿಟ್ಟರು. ಊಟದ ಹೊತ್ತಿಗೆ ಅವನು ಒಬ್ಬನೇ ಮೆಟ್ಟಿಲ ಮೇಲೆ ಕೂತು ಮನೆಯಿಂದ ತಂದ ಆಲೂಗಡ್ಡೆ ತಿನ್ನುತ್ತಿದ್ದ. ನನ್ನನ್ನು ನೋಡಿ, "ಬೈಕೆ, ನಾನು ಮಾಡಿಲ್ಲ," ಎಂದ. ನಾನು ಕೇಳಿಯೇ ಇರಲಿಲ್ಲವಲ್ಲ, ಇವನೇಕೆ ಹೇಳಿದ ಎಂದು ನನ್ನ ಅನುಮಾನ ಇನ್ನಷ್ಟು ಬಲಿಯಿತು.

ಎರಡನೆಯ ಗುರುವಾರ ಪ್ರಯೋಗಾಲಯದ ಕಾಗದ ಬಂತು. ಬಾಟಲಿಯಲ್ಲಿ ಬೆರೆತಿದ್ದದ್ದು ಹಾಲು.

ಇಡೀ ಶಾಲೆ ನಕ್ಕಿತು. ಹದಿನಾರು ವರ್ಷ ಹಾಲಿನಲ್ಲಿ ನೀರು ಹುಡುಕಿದವಳ ನೀರಿನಲ್ಲಿ ಹಾಲು! ಬುರುಲ್ಚಾ ಮಾತ್ರ ಬೆಳ್ಳಗಾಗಿ ನಿಂತಿದ್ದಳು. ಮರುದಿನ ಶುಕ್ರವಾರ ತರಗತಿಯ ಕೊನೆಯ ದಿನ. ಅಷ್ಟರೊಳಗೆ ಹಾಲು ಹೇಗೆ ಬಂತೆಂದು ತಿಳಿಯದಿದ್ದರೆ ಅವಳ ಹೆಸರು ಪಟ್ಟಿಯಿಂದ ಹೋಗುತ್ತದೆ ಎಂದು ಎಜೆ ಎಲ್ಲರ ಎದುರಿಗೇ ಕಡ್ಡಿ ತುಂಡು ಮಾಡಿದಂತೆ ಹೇಳಿದರು.

ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕೂತಾಗ ನಾನು ಸೊನುನ್‌ಗೆ ಇದನ್ನು ತಮಾಷೆಯಾಗಿ ಹೇಳಿದೆ. ಅವಳು ನಗಲಿಲ್ಲ.

"ಯಾವ ಬಾಟಲಿ? ಊರಿನ ಹೆಸರು ಇಲ್ಲದೇ ಇದ್ದದ್ದಾ?"

ನಾನು ತುತ್ತನ್ನು ತಟ್ಟೆಗೆ ಹಾಕಿದೆ. "ನಿನಗೆ ಹೇಗೆ ಗೊತ್ತು?"

"ನಾನೇ ಹಾಕಿದ್ದು."

"ಸೊನುನ್!"

"ಯಾಕೆ ಕಿರುಚ್ತೀರಿ? ಹಾಲು ತರೋಕೆ ಹೋದೆ, ನಿಮ್ಮ ವ್ಯಾನಿನ ಹಿಂಬಾಗಿಲು ತೆರೆದೇ ಇತ್ತು, ಅದರ ಚಿಲಕ ಯಾವತ್ತು ಕೂತಿದೆ? ಪೆಟ್ಟಿಗೆ ಮುಚ್ಚಳ ತೆಗೆದು ನೋಡಿದೆ. ಐದು ಬಾಟಲಿಗೆ ಊರಿನ ಹೆಸರು. ಒಂದಕ್ಕೆ ಇಲ್ಲ. ಇದು ಆ ಹುಡುಗಿ ಕುಡಿಯೋ ನೀರು ಅಂದುಕೊಂಡೆ. ಚಹಾನೂ ಕುಡೀದೆ ಹೊರಡ್ತಿದಾಳೆ, ಪರೀಕ್ಷೆ ಬೇರೆ. ನಮ್ಮ ಮನೆಗೆ ಬಂದ ಪಾತ್ರೆ ಬರೀ ನೀರಲ್ಲಿ ಹೋಗಬಾರದು ಅಂತ ಎರಡು ಹನಿ ಹಾಲು ಬಿಟ್ಟೆ. ಅಕ್ ಜೊಲ್ ಅಂತ ಹೇಳಿ ಮುಚ್ಚಿಟ್ಟೆ. ತಪ್ಪಾ?"

ಅಕ್ ಜೊಲ್ ಎಂದರೆ ದಾರಿ ಬೆಳ್ಳಗಿರಲಿ ಎಂದು. ದೂರ ಹೊರಟವರಿಗೆ, ಹೊಸ ಕೆಲಸಕ್ಕೆ ಹೊರಟವರಿಗೆ ನಾವು ಹೇಳುವ ಮಾತು. ಬೆಳ್ಳಗಿರಲಿ ಎಂದವಳು ಬಿಳಿಯದನ್ನೇ ಹಾಕಿದ್ದಳು.

ನನ್ನ ಹಾಳು ಬುದ್ಧಿ ಆಗಲೂ ಸುಮ್ಮನಿರಲಿಲ್ಲ. "ನಿಜ ಹೇಳು. ಆ ಕ್ಯಾನಿನ ಸೇಡು ತೀರಿಸಿಕೊಂಡೆಯಾ?" ಎಂದೆ.

ಸೊನುನ್ ನನ್ನನ್ನು ಒಂದು ಗಳಿಗೆ ನೋಡಿದಳು. "ಸೇಡಿಗೆ ಯಾರಾದ್ರೂ ಹಾಲು ಹಾಕ್ತಾರೇನ್ರೀ? ಅದೂ ಕೆನೆ ಬಂದ ಹಾಲು?" ಎಂದಳು. ಆಮೇಲೆ, "ಅದಿರಲಿ. ಮನೆ ಹತ್ರ ನಿಲ್ಲಿಸಿದ್ದು ನೀವು ಹೇಳಿದೀರಿ ತಾನೆ ಅವರಿಗೆ?"

ನಾನು ನೀರಿನ ಲೋಟ ಎತ್ತಿಕೊಂಡೆ.

"ಹೇಳಿಲ್ವಾ?"

"ರೊಟ್ಟಿ ಮುರಿಯೋದು ನಿಲ್ಲಿಸಿದ ಹಾಗೆ ಆಗುತ್ತಾ?"

"ನನ್ನ ಹತ್ರ ಈ ವಾದ ಬೇಡ," ಎಂದು ಎದ್ದು ಹೋದಳು.

ಆ ಮಧ್ಯಾಹ್ನ ನಾನು ಹಿತ್ತಿಲಲ್ಲಿ ಸೌದೆ ಸೀಳುತ್ತ ನಿಂತೆ. ಇಷ್ಟು ದಿನ ಯಾರ್ಯಾರ ಮೇಲೆ ಅನುಮಾನ ಪಟ್ಟೆ ಎಂದು ಎಣಿಸಿದೆ. ಬುರುಲ್ಚಾ, ಕನಿಮೆತ್, ಒಂದೆರಡು ದಿನ ಪ್ರಯೋಗಾಲಯದವರು, ಈಗ ಹೆಂಡತಿ. ಗೇಟಿನ ಮುಂದೆ ಬ್ರೇಕು ಹಾಕಿದವನ ಮೇಲೆ ಮಾತ್ರ ಪಟ್ಟಿರಲಿಲ್ಲ. ಸುಮ್ಮನಿದ್ದುಬಿಟ್ಟರೆ ಏನಾಗುತ್ತದೆ ಎಂದೂ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಏನೂ ಆಗುವುದಿಲ್ಲ. ಬುರುಲ್ಚಾ ಅಣ್ಣನ ಮನೆಯಲ್ಲಿ ಹಸು ಕಾಯುತ್ತಾಳೆ, ಕನಿಮೆತ್ ಬಾಳೆಲ್ಲ ಹಾಲು ಹಾಕಿದವ ಎನ್ನಿಸಿಕೊಳ್ಳುತ್ತಾನೆ, ನಾನು ವ್ಯಾನು ಓಡಿಸುತ್ತೇನೆ. ಬುರುಲ್ಚಾಳೂ ನಿಂತದ್ದನ್ನು ಹೇಳಿರಲಾರಳು, ಪೆಟ್ಟಿಗೆ ಬಿಟ್ಟು ಇಳಿದ ತಪ್ಪು ಅವಳದೂ ಹೌದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಆಗಲಿಲ್ಲ. ನನಗೆ ನಾಚಿಕೆಯಾಯಿತು.

ಶುಕ್ರವಾರ ಬೆಳಿಗ್ಗೆ ಸೊನುನ್ ನನಗಿಂತ ಮೊದಲೇ ತಲೆಗೆ ವಸ್ತ್ರ ಕಟ್ಟಿಕೊಂಡು ವ್ಯಾನಿನಲ್ಲಿ ಕೂತಿದ್ದಳು. ನಾನು ಹೋಗದಿದ್ದರೆ ತಾನೊಬ್ಬಳೇ ನಡೆದು ಹೋಗುವುದಾಗಿ ಹೇಳಿದಳು. ಇಬ್ಬರೂ ಹೋದೆವು, ಬುರುಲ್ಚಾ ದಾರಿಯಲ್ಲಿ ಹತ್ತಿ ಹಿಂದೆ ಕೂತಳು.

ತರಗತಿಯಲ್ಲಿ ಎಂಟೂ ಜನ ಇದ್ದರು. ಕ್ಲಾರಾ ಎಜೆ ಹಾಜರಿ ಪುಸ್ತಕ ತೆರೆದಿದ್ದರು. ನಾನು ಬಾಗಿಲಲ್ಲೇ ನಿಂತು, ಟೋಪಿ ತೆಗೆದು, ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

"ನಾನು ನಿಲ್ಲಿಸಿದ್ದೆ. ನಮ್ಮ ಮನೆ ಹತ್ರ. ಅವಳು ಬೇಡ ಅಂದ್ಲು, ನಾನೇ ಬಲವಂತ ಮಾಡಿ ಇಳಿಸಿದೆ. ಕನಿಮೆತ್‌ದು ಏನೂ ತಪ್ಪಿಲ್ಲ."

"ಹಾಲು ನಾನು ಹಾಕಿದ್ದು," ಎಂದಳು ಸೊನುನ್ ನನ್ನ ಹಿಂದಿನಿಂದ. "ಒಳ್ಳೇದಾಗ್ಲಿ ಅಂತ ಹಾಕಿದೆ. ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ."

ಯಾರೂ ನಗಲಿಲ್ಲ. ಎಜೆ ಮೇಜಿನ ಸೆಳೆಖಾನೆಯಿಂದ ಒಂದು ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು.

"ಜೋರಾಗಿ ಓದಿ."

ಅದು ಪೆಟ್ಟಿಗೆಯ ದಾರಿಯ ಹಾಳೆ. ಪರೀಕ್ಷೆಯ ದಿನ ಪೆಟ್ಟಿಗೆ ಎಷ್ಟು ಹೊತ್ತಿಗೆ ಎಲ್ಲಿತ್ತು ಎಂದು ಮಾದರಿ ತೆಗೆಯುವವರು ಬರೆದು ತಮ್ಮ ಕಡತದಲ್ಲಿ ಇಟ್ಟುಕೊಳ್ಳಬೇಕಿತ್ತು. ಎಲ್ಲ ಸಾಲೂ ಬುರುಲ್ಚಾಳ ಗುಂಡು ಅಕ್ಷರದಲ್ಲಿದ್ದವು. ನಾಲ್ಕನೆಯ ಜಾಗದ ಕೆಳಗೆ ಹೀಗಿತ್ತು: 'ಹನ್ನೊಂದು ನಲವತ್ತರಿಂದ ಹನ್ನೊಂದು ನಲವತ್ತೊಂಬತ್ತು. ಕೊಕ್-ಬುಲಾಕ್, ಚಾಲಕ ಬೆಕ್ತೆನ್ ಅವರ ಮನೆ. ರೊಟ್ಟಿ ಮುರಿದೆ. ಪೆಟ್ಟಿಗೆ ವ್ಯಾನಿನಲ್ಲಿತ್ತು, ನನಗೆ ಕಾಣುತ್ತಿರಲಿಲ್ಲ.'

ಓದಿ ಮುಗಿಸಿ ಹಾಳೆಯನ್ನು ಮೇಜಿನ ಮೇಲಿಟ್ಟೆ.

"ಈ ಹಾಳೆ ಅವಳ ಕಡತದಲ್ಲೇ ಇತ್ತು," ಎಂದರು ಎಜೆ. "ಹೋದ ವಾರ ಗುರುವಾರ ನಾನು ಕೇಳಿದಾಗ ಕೊಟ್ಟಳು. ಅಲ್ಲಿವರೆಗೆ ನೋಡಿದವರಿಲ್ಲ. ಚಾಲಕರು ಎಲ್ಲೂ ನಿಲ್ಲಿಸಲಿಲ್ಲ ಅಂದರು. ಹಾಗಾದರೆ ಈ ಸಾಲನ್ನ ಬಾಟಲಿ ಕೆಟ್ಟಿದೆ ಅಂತ ಗೊತ್ತಾದ ಮೇಲೆ ಸೇರಿಸಿದಳು, ತಪ್ಪಿಸಿಕೊಳ್ಳೋಕೆ ನಿಮ್ಮ ಮನೆ ಹೆಸರು ಎಳೆದಳು ಅಂತಲೇ ನಾನು ತಿಳಿಯಬೇಕಾಯ್ತು. ಎಂಟು ದಿನ ಹಾಗೇ ತಿಳಿದಿದ್ದೆ."

ಪೆಟ್ಟಿಗೆಯನ್ನು ಕಣ್ಣಿನಿಂದ ಮರೆ ಮಾಡಿದ್ದು ತಪ್ಪು. ಆದರೆ ಆ ತಪ್ಪನ್ನು ಅಂದೇ ತನ್ನ ಕೈಯಾರೆ ಬರೆದಿಟ್ಟವರಿಗೆ ಇನ್ನೊಂದು ಸಲ ಮಾದರಿ ತೆಗೆಯಲು ಅವಕಾಶವಿದೆ, ಬಚ್ಚಿಟ್ಟವರಿಗೆ ಇಲ್ಲ. ಇದು ಶಾಲೆಯ ನಿಯಮ. ಅವಳನ್ನು ಉಳಿಸಬೇಕಿದ್ದದ್ದು ಆ ಒಂದೇ ಸಾಲು. ಆ ಸಾಲನ್ನು ಸುಳ್ಳು ಮಾಡಿದವನು ನಾನು. ಅವಳನ್ನು ಮುಳುಗಿಸುತ್ತಿದ್ದದ್ದು ಹಾಲಲ್ಲ, ನನ್ನ 'ಎಲ್ಲೂ ಇಲ್ಲ' ಎಂಬ ಮಾತು.

ವ್ಯಾನಿನ ಬೀಗದ ಕೈಯನ್ನು ನಾನಾಗಿಯೇ ಮೇಜಿನ ಮೇಲಿಟ್ಟೆ. ಎಜೆ ಬೇಡವೆನ್ನಲಿಲ್ಲ. ಕನಿಮೆತ್‌ನ ಹತ್ತಿರ ಹೋಗಿ ಕೈ ಹಿಡಿದುಕೊಂಡೆ. ಅವನು ಕೈ ಕೊಟ್ಟ, ಮುಖ ನನ್ನ ಕಡೆ ತಿರುಗಿಸಲಿಲ್ಲ.

ಸೋಮವಾರ ಬುರುಲ್ಚಾ ಬೇರೆ ಚಾಲಕನ ಜೊತೆ ಮತ್ತೆ ಐದೂ ಜಾಗಕ್ಕೆ ಹೋದಳು. ಮೂರು ದಿನದಲ್ಲಿ ಉತ್ತರ ಬಂತು. ಸಾಕ್ಷಿ ಬಾಟಲಿ ಶುದ್ಧ. ಬುಗ್ಗೆಯ ನೀರು ದೊಡ್ಡವರು ಕುಡಿಯಬಹುದು, ಮಕ್ಕಳಿಗೆ ಬೇಡ. ದಿಬ್ಬದ ಕೆಳಗೆ ಜಿನುಗುವ ನೀರನ್ನು ಕುರಿಗೂ ಕುಡಿಸಬಾರದು. ಇದನ್ನು ಅವಳೇ ದೊಡ್ಡ ಅಕ್ಷರದಲ್ಲಿ ಬರೆದು ನಮ್ಮೂರ ಶಾಲೆಯ ಬಾಗಿಲಿಗೆ ಅಂಟಿಸಿದಳು. ಶೆರಾಲಿ ಅಜ್ಜ ಅದನ್ನು ಎರಡು ಸಲ ಕಿತ್ತುಹಾಕಿದ. ಅವಳು ಮೂರನೆಯ ಸಲ ಅಂಟಿಸಿದ ಮೇಲೆ ಸುಮ್ಮನಾದ. ಅವನ ಕುರಿಗಳು ಈಗ ನದಿಯ ಕಡೆ ಮೇಯುತ್ತವೆ ಎಂದು ಕೇಳಿದ್ದೇನೆ, ನಾನೇ ಕಣ್ಣಾರೆ ನೋಡಿಲ್ಲ.

ಸರ್ಟಿಫಿಕೇಟು ತೆಗೆದುಕೊಂಡ ದಿನ ಅವಳು ಪಟ್ಟಣದ ಬಸ್ ನಿಲ್ದಾಣದಲ್ಲಿ ಸಿಕ್ಕಳು. ನಾನೀಗ ಅಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ಬೈಕೆ ಎಂದೇ ಕರೆದು ಕೈ ಕೊಟ್ಟಳು. ಆ ಎಂಟು ದಿನಗಳ ಮಾತು ನನ್ನ ಎದೆಯಲ್ಲೇ ಕುಳಿತಿತ್ತು. ಕೇಳಿಬಿಟ್ಟೆ.

"ದಿನಾ ನನ್ನ ಗಾಡೀಲೇ ಬರ್ತಿದ್ದೆ, ಹೋಗ್ತಿದ್ದೆ. ಒಂದು ಮಾತು ಕೇಳಬಾರದಾಗಿತ್ತಾ? ನಿಜ ಹೇಳಿ ಬೈಕೆ ಅಂತ?"

"ಮಾತಾಡಬೇಡಿ ಅಂದಿದ್ರಲ್ಲ ಎಜೆ," ಎಂದಳು. "ನಾನು ಕೇಳಿ ನೀವು ಹೇಳಿದ್ರೆ, ಹೇಳಿಸಿದ ಹಾಗಾಗ್ತಿತ್ತು."

"ನಾನೇ ಬಂದು ಹೇಳ್ತೀನಿ ಅಂತ ನಂಬಿದ್ದೆಯಾ?"

ಬುರುಲ್ಚಾ ಸ್ವಲ್ಪ ಹೊತ್ತು ಯೋಚಿಸಿದಳು. ಕಡ್ಡಿಯನ್ನು ಹಾಲಿಗೆ ಇಳಿಬಿಟ್ಟು ಕಾಯುತ್ತಿದ್ದಾಗ ಎಷ್ಟು ಯೋಚಿಸುತ್ತಿದ್ದಳೋ ಅಷ್ಟೇ.

"ಇಲ್ಲ ಬೈಕೆ," ಎಂದಳು. "ಗುರುವಾರಾನೇ ಪುಸ್ತಕ ಎಲ್ಲ ಗಂಟು ಕಟ್ಟಿಟ್ಟಿದ್ದೆ. ಶುಕ್ರವಾರ ಹಾಳೆ ವಾಪಸ್ ಇಸ್ಕೊಂಡು ಮನೆಗೆ ಹೋಗೋಣ ಅಂತ ಬಂದಿದ್ದೆ."

ಅವಳ ಬಸ್ಸು ಬಂತು, ಹತ್ತಿ ಹೋದಳು. ಸಿಟ್ಟು ಮಾಡಿಕೊಂಡು ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಅವಳು ಅಳತೆ ಓದಿದಂತೆ ಹೇಳಿದಳು, ಅಳತೆ ಸರಿಯಾಗಿಯೇ ಇತ್ತು.